ಅಂಗಳದ ಬಾನಿಯಲ್ಲಿ ಮೀನು

ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ದೊಡ್ಡ ಪಟ್ಟಣಗಳಲ್ಲಿ ಮಾತ್ರವಲ್ಲದೆ ನಮ್ಮ ಸಣ್ಣ ಊರುಗಳಲ್ಲಿಯೂ ಈಗ ಹರಡಿದೆ. ಅದು ಮಕ್ಕಳಿಗೆ ವಿನೋದ, ವೃದ್ಧರಿಗೆ ಕಾಲಕ್ಷೇಪ, ಮನೆಗೆ ಬಂದವರ ಕಣ್ಣಿಗೆ ಹಬ್ಬ. ಆದರೆ ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಅದೇ ಪೆಟ್ಟಿಗೆಯು ಗೃಹಸ್ಥನಿಗೆ ಚಿಂತೆಯನ್ನು ತರುವುದುಂಟು. ಮುಚ್ಚಿದ ಕೋಣೆಯಲ್ಲಿ ನೀರು ಕಾಯುತ್ತದೆ; ವಿದ್ಯುಚ್ಛಕ್ತಿ ನಿಂತಾಗ ಗಾಳಿಯೂದುವ ಯಂತ್ರವೂ ನಿಲ್ಲುತ್ತದೆ; ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡಲಾರಂಭಿಸುತ್ತವೆ. ಆದಕಾರಣ ಕೆಲವರು ಚೈತ್ರ ವೈಶಾಖಗಳಲ್ಲಿ ಮೀನುಗಳನ್ನು ಅಂಗಳಕ್ಕೋ ಹಿತ್ತಿಲಿಗೋ ತಂದು, ಅಗಲಬಾಯಿಯ ಬಾನಿಗಳಲ್ಲಿ ಬಿಡುವ ಪದ್ಧತಿಯನ್ನು ಹಿಡಿದಿದ್ದಾರೆ. ಪದ್ಧತಿಯೇನೋ ಒಳ್ಳೆಯದೇ. ಆದರೆ ಕ್ರಮವನ್ನರಿಯದೆ ಮಾಡಿದಲ್ಲಿ ಮೀನಿಗೂ ಕೇಡು, ಮನೆಗೂ ಕೇಡು, ಊರಿನ ಕೆರೆಗೂ ಕೇಡು. ಈ ಮೂರು ಕೇಡುಗಳನ್ನೂ ತಪ್ಪಿಸುವ ಬಗೆಯನ್ನು ವಾಚಕರ ಮುಂದಿಡುವುದೇ ನಮ್ಮ ಈ ಲೇಖನದ ಉದ್ದೇಶವಾಗಿದೆ.

ಯೂರೋಪು ಅಮೆರಿಕಗಳ ಶೀತಪ್ರದೇಶಗಳಲ್ಲಿಯೂ ಬೇಸಗೆಯಲ್ಲಿ ಮೀನುಗಳನ್ನು ಹೊರಗಿನ ತೊಟ್ಟಿಗಳಲ್ಲಿ ಬಿಡುವ ರೂಢಿಯುಂಟು. ಆದರೆ ಅಲ್ಲಿಯ ಉದ್ದೇಶ ಬೇರೆ. ವರ್ಷದ ಬಹುಭಾಗವನ್ನು ಚಳಿಯಲ್ಲಿ ಕಳೆಯುವ ಆ ಜನರು, ಕೆಲವು ತಿಂಗಳ ಬಿಸಿಲು ಮೀನಿಗೂ ದೊರೆಯಲೆಂದು ಹೊರಗೆ ತರುವರು. ನಮಗೆ ಬಿಸಿಲಿನ ಬಡತನವಿಲ್ಲ. ೨೦೧೬ರ ಏಪ್ರಿಲಿನಲ್ಲಿ ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ ಉಷ್ಣಮಾನವು ೩೯.೨ ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ನಾವು ಮೀನುಗಳನ್ನು ಹೊರಗೆ ತರುವುದು ಗಾಳಿಗಾಗಿ, ನೀರಿನ ಅಗಲವಾದ ಮೈಗಾಗಿ, ಗಿಡಗಳ ಸಹವಾಸಕ್ಕಾಗಿ. ಆದ್ದರಿಂದ ಪರದೇಶದ ಪುಸ್ತಕಗಳಲ್ಲಿ ಬಾನಿಯನ್ನು ಬಿಸಿಲಿಗಿಡಿರೆಂದು ಬರೆದಿದ್ದರೆ, ನಾವು ನೆರಳಿಗಿಡಿರೆಂದೇ ಓದಿಕೊಳ್ಳತಕ್ಕದ್ದು.

ಮೀನು ಸಾಕುವುದರ ಮಾತು ಬಂದಾಗ ಶತಪಥ ಬ್ರಾಹ್ಮಣದ ಮನುವಿನ ಕಥೆಯು ನಮ್ಮ ನೆನಪಿಗೆ ಬರುತ್ತದೆ. ಕೈ ತೊಳೆಯಲು ತಂದ ನೀರಿನಲ್ಲಿ ಒಂದು ಪುಟ್ಟ ಮೀನು ಮನುವಿನ ಕೈಸೇರಿತು. ತನ್ನನ್ನು ಕಾಪಾಡಬೇಕೆಂದು ಬೇಡಿದ ಅದು, ಕಾಪಾಡುವ ಕ್ರಮವನ್ನೂ ತಾನೇ ತಿಳಿಸಿತು: ಮೊದಲು ಕುಂಭದಲ್ಲಿ, ಅದು ಸಾಲದಾದಾಗ ತೋಡಿದ ಗುಂಡಿಯಲ್ಲಿ, ಅದೂ ಸಾಲದಾದಾಗ ಸಮುದ್ರದಲ್ಲಿ. ಪ್ರಳಯದ ಪ್ರಸಂಗವನ್ನು ಎಲ್ಲರೂ ಬಲ್ಲರು; ಆದರೆ ಕಥೆಯ ಈ ಮೊದಲ ಭಾಗದಲ್ಲಿ ಸಾಕುವವನ ಧರ್ಮವೆಲ್ಲ ಅಡಗಿದೆ. ಜೀವಿಯು ಬೆಳೆದಂತೆ ಅದರ ಮನೆಯೂ ಬೆಳೆಯಬೇಕು, ಬೆಳೆಸಲಾರದವನು ಸಾಕಬಾರದು. ಅಂಗಡಿಯಲ್ಲಿ ಬೆರಳಿನಷ್ಟಿರುವ ಚಿನ್ನದ ಮೀನು ಚೆನ್ನಾಗಿ ಬದುಕಿದರೆ ಗೇಣುದ್ದ ಬೆಳೆಯುತ್ತದೆ. ಅದನ್ನು ಬೋಗುಣಿಯಷ್ಟು ಗಾಜಿನ ಬುರುಡೆಯಲ್ಲಿಡುವುದು ಮನುವಿನ ಕ್ರಮಕ್ಕೆ ತೀರ ವಿರುದ್ಧವಾದದ್ದು.

ಬಾನಿ ಯಾವುದಿರಬೇಕು?

ಹಳೆಯ ಮನೆಗಳ ಹಿತ್ತಿಲಲ್ಲಿ ಬಿದ್ದಿರುವ ಕಲ್ಲುಬಾನಿಯೇ ಸರ್ವೋತ್ತಮ. ಕಲ್ಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಮೀನಿಗೆ ಬೇಕಾದದ್ದೂ ಈ ನಿಧಾನವೇ. ಕಲ್ಲುಬಾನಿ ದೊರೆಯದವರು ದಪ್ಪನೆಯ ಮಣ್ಣಿನ ಬಾನಿಯನ್ನೋ ಸಿಮೆಂಟಿನ ತೊಟ್ಟಿಯನ್ನೋ ಬಳಸಬಹುದು. ಹೊಸ ಸಿಮೆಂಟಿನಿಂದ ಸುಣ್ಣದಂಶವು ನೀರಿಗೆ ಬಿಡುವುದರಿಂದ, ತೊಟ್ಟಿಯನ್ನು ಎರಡು ಮೂರು ವಾರ ನೀರು ತುಂಬಿಸಿ, ಆಗಾಗ್ಗೆ ಚೆಲ್ಲಿ, ಮತ್ತೆ ತುಂಬಿಸಿದ ಮೇಲೆಯೇ ಮೀನನ್ನು ಬಿಡಬೇಕು. ಪ್ಲಾಸ್ಟಿಕ್ ತೊಟ್ಟಿಯೂ ಆದೀತು. ಅದಕ್ಕೆ ನೆರಳು ಇನ್ನೂ ಹೆಚ್ಚಾಗಿ ಬೇಕು.

ಇಲ್ಲಿ ಗೃಹಿಣಿಯರಿಗೆ ಒಂದು ಎಚ್ಚರಿಕೆಯ ಮಾತು. ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ನೀರು ತುಂಬಿ, ಹೂ ತೇಲಿಬಿಡುವುದು ನೋಟಕ್ಕೆ ರಮ್ಯ. ಆದರೆ ಅದರಲ್ಲಿ ಮೀನನ್ನು ಮಾತ್ರ ಬಿಡಬಾರದು. ನೀರಿಗೆ ಬಿಡುವ ತಾಮ್ರದ ಅಂಶವು ಮನುಷ್ಯನಿಗೆ ಬಾಧೆ ಕೊಡದಷ್ಟು ಅಲ್ಪವಾಗಿದ್ದರೂ ಮೀನಿನ ಕಿವಿರುಗಳಿಗೆ ವಿಷವಾಗಿ ಪರಿಣಮಿಸುತ್ತದೆ. ಹಿತ್ತಾಳೆಯಲ್ಲಿಯೂ ತಾಮ್ರವಿರುವುದರಿಂದ ಅದಕ್ಕೂ ಇದೇ ನಿಯಮ.

ಆಳಕ್ಕಿಂತ ಅಗಲವು ಮುಖ್ಯ. ಏಕೆಂದರೆ ನೀರು ಗಾಳಿಯನ್ನು ಹೀರುವುದು ತನ್ನ ಮೇಲ್ಮೈಯಿಂದ. ಒಳಗಿನ ಅಗಲ ೬೦ ಸೆಂಟಿಮೀಟರು, ನೀರಿನ ಆಳ ೪೫ ಸೆಂಟಿಮೀಟರು ಇರುವ ದುಂಡು ಬಾನಿಯಲ್ಲಿ ಸುಮಾರು ೧೨೭ ಲೀಟರು ನೀರು ಹಿಡಿಯುತ್ತದೆ. ಸಾಧಾರಣ ಸಂಸಾರಕ್ಕೆ ಇದು ಸಾಕು. ಇದರಲ್ಲಿ ಒಂದೆರಡು ಅಂಗುಲಕ್ಕಿಂತ ಹೆಚ್ಚು ಬೆಳೆಯದ ಮೀನುಗಳಾದರೆ ಹತ್ತು ಹನ್ನೆರಡನ್ನು ಬಿಡಬಹುದು. ಅದಕ್ಕಿಂತ ಹೆಚ್ಚಿನ ಆಸೆ ಬೇಡ.

ನೀರನ್ನು ಹದಮಾಡುವುದು

ನಲ್ಲಿಯ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲು ಕ್ಲೋರೀನನ್ನು ಸೇರಿಸಿರುತ್ತಾರೆ. ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ. ಆದರೆ ಕ್ಲೋರೀನ್ ಹೋದ ಮಾತ್ರಕ್ಕೆ ನೀರು ಮೀನಿಗೆ ಹದವಾಯಿತೆಂದು ತಿಳಿಯಬಾರದು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವೆಂಬ ವಸ್ತುವನ್ನು ಸದಾ ಹೊರಹಾಕುತ್ತಿರುತ್ತದೆ; ಕೊಳೆತ ಆಹಾರದಿಂದಲೂ ಅದು ಹುಟ್ಟುತ್ತದೆ. ಅದು ಮೀನಿಗೇ ವಿಷ. ನೀರು ಬಿಸಿಯಾದಷ್ಟೂ ಆ ವಿಷದ ತೀಕ್ಷ್ಣತೆ ಹೆಚ್ಚು. ಕೆರೆ ಹೊಳೆಗಳಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟನ್ನು ಗಿಡಗಳು ಗೊಬ್ಬರವಾಗಿ ಹೀರುತ್ತವೆ. ಬಾನಿಯಲ್ಲಿಯೂ ಈ ಚಕ್ರವು ನಡೆಯಬೇಕು. ಆ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳ ಮೈಗೆ ಹತ್ತಿ ನೆಲಸಲು ನಾಲ್ಕಾರು ವಾರ ಹಿಡಿಯುತ್ತದೆ.

ಆದಕಾರಣ ಬೇಸಗೆಯ ಬಾನಿಯನ್ನು ಮಾಘಮಾಸದಲ್ಲಿಯೇ ಸಿದ್ಧಪಡಿಸತಕ್ಕದ್ದು. ತಳದಲ್ಲಿ ತೊಳೆದ ಮರಳು, ಅದರ ಮೇಲೆ ಗಾಜಿನ ಪೆಟ್ಟಿಗೆಯಿಂದ ತೆಗೆದ ಒಂದೆರಡು ಹಿಡಿ ಹಳೆಯ ಮರಳು, ನಾಲ್ಕು ಗಿಡ, ಇಷ್ಟನ್ನು ಹಾಕಿ ಬಿಡಬೇಕು. ಹಾಲಿಗೆ ಹೆಪ್ಪು ಹೇಗೋ ಹೊಸ ಬಾನಿಗೆ ಹಳೆಯ ಮರಳು ಹಾಗೆ. ಆಮೇಲೆ ಒಂದೇ ದಿನ ಎಲ್ಲ ಮೀನುಗಳನ್ನೂ ಬಿಡದೆ, ಮೊದಲು ಎರಡು ಮೂರು, ವಾರ ಕಳೆದು ಇನ್ನೆರಡು ಮೂರು, ಹೀಗೆ ಸಂಜೆಯ ತಂಪಿನಲ್ಲಿ ಬಿಡುವುದು ಮೇಲು. ಮೀನಿರುವ ಚೀಲವನ್ನು ಕಾಲುಗಂಟೆ ಬಾನಿಯಲ್ಲಿ ತೇಲಿಬಿಟ್ಟು, ಎರಡು ನೀರುಗಳ ಶಾಖವೂ ಸಮವಾದ ಮೇಲೆ ಚೀಲವನ್ನು ಬಿಚ್ಚಬೇಕು. ಸಿದ್ಧತೆಯ ಈ ವಾರಗಳಲ್ಲಿ ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಕಟ್ಟಿರಬೇಕು. ಅದರ ಕಾರಣವನ್ನು ಮುಂದೆ ಹೇಳುವೆವು.

ಬಿಸಿಲು ಮತ್ತು ಉಸಿರು

ಮೀನಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕು. ನೀರಿನಲ್ಲಿ ಕರಗಿರುವ ಆಮ್ಲಜನಕವೇ ಅದರ ಪ್ರಾಣ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವು ಕಡಮೆಯಾಗುತ್ತದೆ. ಲೀಟರೊಂದಕ್ಕೆ ೨೦ ಡಿಗ್ರಿಯಲ್ಲಿ ಸುಮಾರು ೯.೧ ಮಿಲಿಗ್ರಾಂ, ೩೦ ಡಿಗ್ರಿಯಲ್ಲಿ ೭.೫, ೩೫ ಡಿಗ್ರಿಯಲ್ಲಿ ೬.೯ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ವಿಚಿತ್ರವೆಂದರೆ, ಬಿಸಿ ನೀರಿನಲ್ಲಿ ಮೀನಿನ ದೇಹವ್ಯಾಪಾರವು ಚುರುಕಾಗಿ ಅದಕ್ಕೆ ಆಮ್ಲಜನಕವು ಇನ್ನೂ ಹೆಚ್ಚಾಗಿ ಬೇಕಾಗುತ್ತದೆ. ಆದಾಯ ತಗ್ಗಿದ ಕಾಲದಲ್ಲಿಯೇ ಖರ್ಚು ಹೆಚ್ಚಿದ ಸಂಸಾರದಂತೆ ಅದರ ಪಾಡು.

ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ ಬಿದ್ದು, ಹತ್ತು ಗಂಟೆಯ ಮೇಲೆ ನೆರಳಾಗುವ ಪೂರ್ವದಿಕ್ಕಿನ ಜಾಗವು ಬಾನಿಗೆ ಯೋಗ್ಯ. ಕಾದ ತಾರಸಿಯ ಮೇಲೆ ಇಡಲೇಬಾರದು. ಹೊಂಗೆಯ ನೆರಳು ತಂಪೆಂದು ಎಲ್ಲರೂ ಹೊಗಳುವರು, ನಿಜ; ಆದರೆ ಬೇಸಗೆಯಲ್ಲಿ ಅದರ ಹೂವು ರಾಶಿರಾಶಿಯಾಗಿ ಉದುರಿ ನೀರಿನಲ್ಲಿ ಕೊಳೆಯುವುದರಿಂದ ಬಾನಿಯನ್ನು ಮರದ ಬುಡದಲ್ಲಿಡದೆ ನೆರಳಿನ ಅಂಚಿನಲ್ಲಿಡಬೇಕು. ಬಾನಿಯನ್ನು ಅರ್ಧದಷ್ಟು ನೆಲದಲ್ಲಿ ಹೂಳುವುದಾಗಲಿ, ಸುತ್ತಲೂ ಒದ್ದೆಮಾಡಿದ ಗೋಣಿತಟ್ಟನ್ನು ಸುತ್ತುವುದಾಗಲಿ ಬಹಳ ಪ್ರಯೋಜನಕರ. ಕುಡಿಯುವ ನೀರಿನ ಹೂಜಿಯನ್ನು ತಂಪುಮಾಡುವ ನ್ಯಾಯವೇ ಇಲ್ಲಿಯೂ ಕೆಲಸಮಾಡುತ್ತದೆ. ನೀರು ಕಾಯಿತೆಂದು ಮಂಜುಗಡ್ಡೆಯನ್ನು ಹಾಕುವವರುಂಟು. ಹಠಾತ್ತಾದ ಶೈತ್ಯವು ಉಷ್ಣಕ್ಕಿಂತಲೂ ಬೇಗ ಮೀನನ್ನು ಕೆಡವುತ್ತದೆ.

ಗಿಡಗಳು ಹಗಲಿನಲ್ಲಿ ಆಮ್ಲಜನಕವನ್ನು ಕೊಡುತ್ತವೆ. ಆದರೆ ರಾತ್ರಿ ಅವೂ ಮೀನಿನಂತೆಯೇ ಅದನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ನೀರಿನಲ್ಲಿ ಉಸಿರು ಅತ್ಯಂತ ಕಡಮೆಯಿರುವ ಹೊತ್ತು ನಡುಮಧ್ಯಾಹ್ನವಲ್ಲ, ಸೂರ್ಯೋದಯಕ್ಕೆ ಸ್ವಲ್ಪ ಮುಂಚಿನ ಕಾಲ. ಮೀನು ಸಾಕುವವರು ಬ್ರಾಹ್ಮೀ ಮುಹೂರ್ತದಲ್ಲೆದ್ದು ಒಮ್ಮೆ ಬಾನಿಯನ್ನು ನೋಡುವ ಅಭ್ಯಾಸವನ್ನಿಟ್ಟುಕೊಳ್ಳಬೇಕು. ಆ ಹೊತ್ತಿನಲ್ಲಿ ಮೀನುಗಳೆಲ್ಲ ಮೇಲೆ ಸಾಲುಗಟ್ಟಿ ಬಾಯಿ ಬಿಡುತ್ತಿದ್ದರೆ ಮೀನು ಹೆಚ್ಚಾಗಿದೆ, ಇಲ್ಲವೆ ಕೊಳೆ ಹೆಚ್ಚಾಗಿದೆ ಎಂದೇ ಅರ್ಥ. ಒಡನೆ ಒಂದು ಚೊಂಬಿನಿಂದ ನೀರನ್ನು ಮೊಗೆದು ಮೇಲಿನಿಂದ ಸುರಿಯುತ್ತ ಗಾಳಿ ಬೆರೆಸಬೇಕು. ಆಮೇಲೆ ಐದನೆಯ ಒಂದು ಪಾಲು ನೀರನ್ನು ಬದಲಾಯಿಸಬೇಕು. ೨೦೧೬ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಕೊಳಚೆಯು ಸೇರಿದ ನೀರು, ಬೇಸಗೆಯ ಶಾಖ, ಆಮ್ಲಜನಕದ ಅಭಾವ, ಇವೇ ಅಲ್ಲಿಯ ಕಥೆ. ಬಾನಿಯ ನ್ಯಾಯವೂ ಕೆರೆಯ ನ್ಯಾಯವೂ ಬೇರೆಬೇರೆಯಲ್ಲ.

ಗಿಡ, ಮೀನು, ಆಹಾರ

ಬಾನಿಯ ಮೇಲ್ಮೈಯಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಎಲೆಗಳು ಹರಡಿದ್ದರೆ ಸಾಕು. ಸಣ್ಣ ಜಾತಿಯ ನೈದಿಲೆಯನ್ನು ಮಣ್ಣಿನ ಕುಂಡದಲ್ಲಿ ನೆಟ್ಟು ತಳದಲ್ಲಿಡಬಹುದು. ನೀರಿನೊಳಗೆ ಹೈಡ್ರಿಲ್ಲಾ ಗಿಡದ ನಾಲ್ಕು ಕಡ್ಡಿಗಳನ್ನು ಹಾಕಿದರೆ ಅದು ಕೊಳೆಯ ಸಾರವನ್ನು ಹೀರಿ, ಮರಿಗಳಿಗೆ ಮರೆಯನ್ನೂ ಕೊಡುತ್ತದೆ. ಅಂತರಗಂಗೆಯು ಬಹಳ ವೇಗವಾಗಿ ಹಬ್ಬುವ ಸಸ್ಯವಾದ್ದರಿಂದ ಹಾಕದಿರುವುದೇ ಲೇಸು.

ಮೀನುಗಳಲ್ಲಿ ನಮ್ಮ ನಾಡಿನ ನೀರಿನವೇ ಕೆಲವು ಬಾನಿಗೆ ಹೇಳಿಮಾಡಿಸಿದಂತಿವೆ. ಪಂಚಾಕ್ಸ್ ಎಂದು ಕರೆಯುವ, ಮೈಮೇಲೆ ಪಟ್ಟೆಗಳುಳ್ಳ, ನೆತ್ತಿಯಲ್ಲಿ ಹೊಳೆಯುವ ಚುಕ್ಕೆಯುಳ್ಳ ಪುಟ್ಟ ಮೀನು ದಕ್ಷಿಣ ಭಾರತದ್ದೇ. ಅದು ಮೇಲ್ಮೈಯಲ್ಲಿಯೇ ತಿರುಗುತ್ತ ಸೊಳ್ಳೆಯ ಮರಿಹುಳುಗಳನ್ನು ಹಿಡಿದು ತಿನ್ನುತ್ತದೆ. ಅದು ನೆಗೆಯುವ ಜಾತಿಯಾದ್ದರಿಂದ ಬಾನಿಗೆ ಬಲೆಯ ಮುಚ್ಚಳ ಬೇಕು. ನೀಲಿ ಗೆರೆಗಳ ಜೀಬ್ರಾ ಮೀನೂ ಭಾರತದ್ದೇ. ಗುಂಪಾಗಿ ಆಡುವ ಅದರ ಚಪಲತೆ ಮಕ್ಕಳಿಗೆ ಬಹಳ ಪ್ರಿಯ. ಅಂಗಡಿಯ ಗಪ್ಪಿಯು ದಕ್ಷಿಣ ಅಮೆರಿಕದ್ದು. ಅದು ಶಾಖವನ್ನು ಸಹಿಸುತ್ತದೆ. ಆದರೆ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತ, ಹೆಚ್ಚುಕಡಮೆ ತಿಂಗಳಿಗೊಮ್ಮೆ ಸಂತಾನವನ್ನು ಬೆಳೆಸುತ್ತದೆ. ಗಂಡುಗಳನ್ನು ಮಾತ್ರ ಸಾಕಿದರೆ ಈ ತೊಡಕಿಲ್ಲ. ಮಿಸ್ ಕೇರಳ ಎಂಬ ಹೆಸರಿನಿಂದ ಮಾರುವ ಕೆಂಪು ಗೆರೆಯ ಸುಂದರವಾದ ಮೀನು ಪಶ್ಚಿಮಘಟ್ಟದ ಹರಿಯುವ ತಂಪು ಹೊಳೆಗಳದು; ಅದರ ಕುಲವೇ ಅಪಾಯದಲ್ಲಿದೆ. ನಿಂತ ನೀರಿನ ಬಾನಿಗೆ ಅದನ್ನು ತರುವುದು ಎರಡು ಬಗೆಯಿಂದಲೂ ಅನ್ಯಾಯ.

ಆಹಾರದ ವಿಷಯದಲ್ಲಿ ಪ್ರೀತಿಯೇ ಹೆಚ್ಚಾಗಿ ಮೀನುಗಳನ್ನು ಕೊಲ್ಲುತ್ತದೆ. ಶೃಂಗೇರಿಯಲ್ಲಿ ಯಾತ್ರಿಕರು ತುಂಗೆಯ ಮೀನುಗಳಿಗೆ ಪುರಿ ಎರಚುವುದನ್ನು ಕಂಡ ಮಕ್ಕಳು ಮನೆಯ ಬಾನಿಗೂ ಹಾಗೆಯೇ ಎರಚುವರು. ಅಲ್ಲಿ ಉಳಿದದ್ದನ್ನು ಹೊಳೆಯು ಕೊಂಡೊಯ್ಯುತ್ತದೆ. ಇಲ್ಲಿ ಉಳಿದದ್ದು ತಳದಲ್ಲಿಯೇ ಕೊಳೆಯುತ್ತದೆ. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೊಮ್ಮೆ ಕೊಟ್ಟರೆ ಸಾಕು. ವಾರಕ್ಕೊಂದು ಉಪವಾಸದಿಂದ ಹಾನಿಯಿಲ್ಲ. ಯಾವ ಮೀನಿಗೆ ಯಾವ ಆಹಾರವೆಂಬ ವಿವೇಚನೆ ನಮ್ಮವರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದವೆಂಬ ಪ್ರಕರಣದಲ್ಲಿ ಮೀನುಗಳ ಜಾತಿಭೇದವನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ವಿವರಿಸಿದ್ದಾನೆ. ಅವನ ವಿನೋದವು ಗಾಳದ ವಿನೋದವಾಗಿತ್ತೆಂಬುದು ಬೇರೆಯ ಮಾತು.

ಬಾನಿಯಿಂದ ತೆಗೆದ ನೀರನ್ನು ಚರಂಡಿಗೆ ಚೆಲ್ಲದೆ ಗಿಡಗಳಿಗೆ ಹಾಕಬೇಕು. ಮಲ್ಲಿಗೆಗೂ ದಾಸವಾಳಕ್ಕೂ ಅದು ನೀರೂ ಹೌದು, ಗೊಬ್ಬರವೂ ಹೌದು. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನವರು ಕೊಡ ನೀರಿಗೆ ಪಟ್ಟ ಪಾಡನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಮನೆಯ ಕೇಡು: ಸೊಳ್ಳೆ

೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಎಂಬವರು ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಂದರಲ್ಲಿ ಸೊಳ್ಳೆಗಳು ಹುಟ್ಟುತ್ತಿರುವುದನ್ನು ಕಂಡು, ಅದನ್ನು ಬರಿದುಮಾಡಲು ಸೊಳ್ಳೆಯ ಕಾಟವು ತಗ್ಗಿತು. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದು, ೧೯೦೨ರಲ್ಲಿ ನೊಬೆಲ್ ಬಹುಮಾನವನ್ನು ಪಡೆದವರು ಇವರೇ. ತೊಟ್ಟಿಯ ನೀರಿಗೂ ಮನೆಯ ಜ್ವರಕ್ಕೂ ಇರುವ ನಂಟು ಇಂದಿಗೂ ಕಡಿದಿಲ್ಲ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಮನೆಯ ಸುತ್ತಲಿನ ತಿಳಿನೀರಿನಲ್ಲಿಯೇ ಹುಟ್ಟುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಪ್ರಕಟಿಸಿ, ಸೊಳ್ಳೆ ಹುಟ್ಟಲು ಎಡೆಗೊಡುವ ಮನೆಯವರಿಗೆ ದಂಡವನ್ನೂ ಗೊತ್ತುಮಾಡಿತು.

ಮೀನಿರುವ ಬಾನಿಯಲ್ಲಿ ಈ ಭಯವು ಅತ್ಯಲ್ಪ. ಹುಳು ಹುಟ್ಟಿದಷ್ಟೂ ಮೀನಿಗೆ ಊಟ. ಅಪಾಯವಿರುವುದು ಮೀನು ಸತ್ತು ಬರಿದಾಗಿ ನಿಂತ ಬಾನಿಯಲ್ಲಿ. ಬೇಸಗೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ಏಳೆಂಟು ಹತ್ತು ದಿನಗಳು ಸಾಕು. ಈ ಸೊಳ್ಳೆಯು ನೀರಿನ ಅಂಚಿಗೆ ಸ್ವಲ್ಪ ಮೇಲೆ, ಬಾನಿಯ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ; ಅವು ಒಣಗಿದ ಪಾತ್ರೆಯಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮಳೆಯ ನೀರು ತಾಕಿದೊಡನೆ ಒಡೆಯುತ್ತವೆ. ಆದ್ದರಿಂದ ಮೀನಿಲ್ಲದ ಬಾನಿಯನ್ನು ಬರಿದುಮಾಡಿದರೆ ಸಾಲದು. ಒಳಮೈಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಬೋರಲು ಹಾಕಬೇಕು.

ಇನ್ನೊಂದು ಅಪಾಯವನ್ನು ಹೇಳದೆ ಮುಂದೆ ಹೋಗಲಾರೆವು. ಅಂಬೆಗಾಲಿಡುವ ಕೂಸಿಗೆ ಮೊಳದಷ್ಟು ನೀರೂ ಮೃತ್ಯುವಾದೀತು. ಮಕ್ಕಳಿರುವ ಮನೆಯಲ್ಲಿ ಬಾನಿಯ ಮೇಲೆ ಗಟ್ಟಿಯಾದ ಕಬ್ಬಿಣದ ಜಾಲರಿಯನ್ನು ಭದ್ರಪಡಿಸದೆ ಮೀನಿನ ಮಾತನ್ನೇ ಎತ್ತಬಾರದು. ಅದೇ ಜಾಲರಿಯು ಬೆಕ್ಕನ್ನೂ ಮಿಂಚುಳ್ಳಿಯನ್ನೂ ದೂರವಿಡುತ್ತದೆ.

ಕೆರೆಯ ಕೇಡು: ಬಿಟ್ಟ ಮೀನು

ಮುಂಗಾರು ಬಂದಾಗ ಬಾನಿಯು ತುಂಬಿ ಹರಿಯುವುದು. ಹರಿದ ನೀರಿನೊಡನೆ ಮೀನೂ ಚರಂಡಿಗೆ, ಚರಂಡಿಯಿಂದ ಕೆರೆಗೆ ಸೇರುವುದು. ಆದ್ದರಿಂದ ಕಂಠದಿಂದ ನಾಲ್ಕು ಬೆರಳು ಕೆಳಗೆ ತೂತೊಂದನ್ನು ಮಾಡಿ, ಅದಕ್ಕೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಿರಬೇಕು. ಮಳೆಗೆ ಮುಂಚೆಯೇ ಮೀನುಗಳನ್ನು ಒಳಗಿನ ಪೆಟ್ಟಿಗೆಗೆ ತಂದರೆ ಇನ್ನೂ ಕ್ಷೇಮ.

ಇದಕ್ಕಿಂತ ದೊಡ್ಡ ಕೇಡು, ಸಾಕಲಾರದ ಮೀನನ್ನು ಪುಣ್ಯವೆಂದು ಭಾವಿಸಿ ಕೆರೆಗೆ ಬಿಡುವುದು. ಸೊಳ್ಳೆಯನ್ನು ತಿನ್ನಲೆಂದು ೧೯೨೮ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗಾಂಬೂಸಿಯಾ ಎಂಬ ಮೀನು ಇತರ ಮೀನುಗಳ ಮೊಟ್ಟೆಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುವ ಜಾತಿಯದೆಂದು ಆಮೇಲೆ ತಿಳಿಯಿತು. ಲೋಕದ ನೂರು ಕಡುಕೇಡಿನ ಆಗಂತುಕ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಾಜನ್ನು ಶುಭ್ರಮಾಡುವ ಮೀನೆಂದು ಅಂಗಡಿಯಲ್ಲಿ ಮಾರುವ ಕವಚದ ಮೈಯ ದಕ್ಷಿಣ ಅಮೆರಿಕದ ಮೀನು ಮೊಳದುದ್ದ ಬೆಳೆಯುವುದು. ಮನೆಯವರು ಬೇಸತ್ತು ಬಿಟ್ಟ ಆ ಮೀನಿನ ಸಂತತಿಯು ಇಂದು ದಕ್ಷಿಣ ಭಾರತದ ಕೆರೆ ಹೊಳೆಗಳಲ್ಲಿ ಬೇರೂರಿ, ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಬಿಟ್ಟವನಿಗೆ ದೊರೆತದ್ದು ಕ್ಷಣದ ತೃಪ್ತಿ. ನಷ್ಟವನ್ನು ಹೊತ್ತವರು ಅದೇ ಕೆರೆಯನ್ನು ನಂಬಿ ಬದುಕುವ ಬಡವರು.

ಹೆಚ್ಚಾದ ಮರಿಗಳನ್ನು ಸಾಕಬಲ್ಲ ಸ್ನೇಹಿತರಿಗೆ ಕೊಡಿರಿ, ಇಲ್ಲವೆ ಅಂಗಡಿಗೆ ಹಿಂದಿರುಗಿಸಿರಿ. ಕಿತ್ತ ಜಲಸಸ್ಯಗಳನ್ನು ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿರಿ. ಸತ್ತ ಮೀನನ್ನು ಗಿಡದ ಬುಡದಲ್ಲಿ ಹೂಳಿರಿ. ಮನುವು ತನ್ನ ಮೀನನ್ನು ಸಮುದ್ರಕ್ಕೆ ಬಿಟ್ಟನಲ್ಲವೆ ಎಂದು ಯಾರಾದರೂ ಕೇಳಿದರೆ, ಮೀನೇ ಹಾಗೆ ಬೇಡಿತ್ತು, ಸಮುದ್ರವು ಅದರ ಸ್ವಸ್ಥಾನವಾಗಿತ್ತು ಎಂದು ಹೇಳಬೇಕಾಗುತ್ತದೆ. ನಮ್ಮ ಅಂಗಡಿಯ ಮೀನಿಗೆ ನಮ್ಮೂರ ಕೆರೆಯು ಸ್ವಸ್ಥಾನವಲ್ಲ. ಅದಕ್ಕೆ ಉಳಿದಿರುವ ಆಶ್ರಯವು ಕೊಂಡು ತಂದವನ ಬಾನಿಯೊಂದೇ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ ಪಾಠ ಹೇಳಿದ ನಮಗೆ, ಅಂಗಳದ ಇಂಥ ಬಾನಿಯೊಂದು ಎಷ್ಟೋ ಪಾಠಪುಸ್ತಕಗಳಿಗೆ ಸಮನಾದದ್ದೆಂದು ತೋರುತ್ತದೆ. ಮಕ್ಕಳಿಗೆ ದಿನಚರಿಯ ಪುಸ್ತಕವೊಂದನ್ನು ಕೊಟ್ಟು, ಬೆಳಗಿನ ಮತ್ತು ಮಧ್ಯಾಹ್ನದ ನೀರಿನ ಉಷ್ಣಮಾನ, ಮೀನುಗಳ ಸಂಖ್ಯೆ, ಬದಲಾಯಿಸಿದ ನೀರು, ಇವನ್ನು ದಿನವೂ ಬರೆಸಿರಿ. ಸಂಸ್ಕೃತದಲ್ಲಿ ಮೀನಿಗೆ ಅನಿಮಿಷವೆಂಬ ಹೆಸರುಂಟು. ರೆಪ್ಪೆಯಿಲ್ಲದ ಕಣ್ಣುಗಳುಳ್ಳ ಅದು ಎವೆಯಿಕ್ಕುವುದಿಲ್ಲ. ಬೇಸಗೆಯ ಈ ನಾಲ್ಕು ತಿಂಗಳು ಸಾಕುವವನೂ ಎವೆಯಿಕ್ಕದೆ ನೋಡಿಕೊಳ್ಳಬೇಕು. ಅಷ್ಟು ವ್ಯವಧಾನವಿಲ್ಲದವರು ನೈದಿಲೆಯೊಂದನ್ನು ಬೆಳೆಸಿ, ಸೊಳ್ಳೆ ಬಾರದಂತೆ ಪರದೆ ಕಟ್ಟಿ, ಹೂವನ್ನು ನೋಡಿ ಸಂತೋಷಪಟ್ಟರೂ ಸಾಕು.